ಮನೆಯೇ ಆಫೀಸಾದ ಕಥೆ: ಕೋವಿಡ್‌ಗಿಂತ ಹಳೆಯ ಕನಸು

"ಹಲೋ, ನನ್ನ ವಾಯ್ಸ್ ಕೇಳಿಸ್ತಿದೆಯಾ?" 2020ರಲ್ಲಿ ಮನೆಯಿಂದ ಕೆಲಸ ಮಾಡಿದವರು ಯಾರೂ ಈ ಮಾತು ಮರೆತಿರೋಕೆ ಸಾಧ್ಯ ಇಲ್ಲ. ವರ್ಕ್ ಫ್ರಂ ಹೋಮ್ ಅಂದ್ರೆ ಕೊರೊನಾ ತಂದಿದ್ದು ಅಂತ ನಾವು ಅಂದುಕೊಂಡಿದ್ದೀವಿ. ಆದರೆ ಈ ಕಥೆ ಶುರುವಾಗೋದು ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು.

1973ರ ಲಾಸ್ ಏಂಜಲಿಸ್. ಈಗಿನ ಬೆಂಗಳೂರಿನ ಹಾಗೆ ಅಲ್ಲೂ ಟ್ರಾಫಿಕ್ಕಿನದೇ ಗೋಳು. ಜ್ಯಾಕ್ ನಿಲ್ಸ್ ಎಂಬ ಎಂಜಿನಿಯರ್‌ಗೆ ಒಂದು ಪ್ರಶ್ನೆ ಕಾಡಿತು: ಜನ ಕೆಲಸದ ಹತ್ತಿರ ಹೋಗೋ ಬದಲು ಕೆಲಸವೇ ಜನರ ಹತ್ತಿರ ಬಂದರೆ ಹೇಗೆ? 'ಟೆಲಿಕಮ್ಯೂಟಿಂಗ್' ಅನ್ನೋ ಪದವನ್ನು ಕೊಟ್ಟವರು ಅವರೇ. ಅದೇ ವರ್ಷ ತೈಲ ಬಿಕ್ಕಟ್ಟು ಬಂದು ಪೆಟ್ರೋಲ್‌ಗೆ ತತ್ವಾರವಾಯಿತು. ಐಡಿಯಾ ಚೆನ್ನಾಗಿತ್ತು, ಆದರೆ ಮನೆಗಳಲ್ಲಿ ಕಂಪ್ಯೂಟರೇ ಇರಲಿಲ್ಲ!

ಈಗ 2010ಕ್ಕೆ ಬರೋಣ. ಚೀನಾದ ಶಾಂಘೈ. ಸಿಟ್ರಿಪ್ ಎಂಬ ಪ್ರವಾಸ ಕಂಪನಿ, ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರ ಜೊತೆ ಸೇರಿ ತನ್ನ ಕಾಲ್ ಸೆಂಟರ್‌ನಲ್ಲಿ ಒಂದು ಪ್ರಯೋಗ ನಡೆಸಿತು. ತಾವಾಗಿಯೇ ಮುಂದೆ ಬಂದ, ಮನೆಯಲ್ಲಿ ಪ್ರತ್ಯೇಕ ಕೋಣೆ ಇದ್ದ ನೌಕರರಿಗೆ ಮಾತ್ರ ಅವಕಾಶ. ಒಂಬತ್ತು ತಿಂಗಳಲ್ಲಿ, ಮನೆಯಿಂದ ದುಡಿದವರ ಸಾಧನೆ 13% ಹೆಚ್ಚಿತು. ಆದರೆ ಪ್ರಯೋಗ ಮುಗಿದ ಮೇಲೆ ಅವರಲ್ಲಿ ಸುಮಾರು ಅರ್ಧದಷ್ಟು ಜನ ಆಫೀಸಿಗೇ ವಾಪಸ್ ಹೋದರು. ಯಾಕೆ? ಒಂಟಿತನ.

ನಮ್ಮಲ್ಲಿ ಏನಿತ್ತು? ಕಾಲ್ ಸೆಂಟರ್, ಬಿಪಿಒ ಕಂಪನಿಗಳು ಸಿಬ್ಬಂದಿಗೆ ಮನೆಯಿಂದ ಕೆಲಸ ಕೊಡಬೇಕಾದರೆ ದೂರಸಂಪರ್ಕ ಇಲಾಖೆಯಲ್ಲಿ ಭದ್ರತಾ ಠೇವಣಿ ಇಡಬೇಕಿತ್ತು. 2020ರ ಮಾರ್ಚ್‌ನಲ್ಲಿ ಸರ್ಕಾರ ಈ ನಿಯಮ ಸಡಿಲಿಸಿತು. ಮಾರ್ಚ್ 25ಕ್ಕೆ ಲಾಕ್‌ಡೌನ್. ಸಾಫ್ಟ್‌ವೇರ್‌ನವರ ಪಾಲಿಗೆ ಊಟದ ಟೇಬಲ್ಲೇ ಡೆಸ್ಕ್ ಆಯಿತು. ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿತು ಅಂತ ಖುಷಿಪಟ್ಟವರು ಎಷ್ಟೋ ಜನ. ಪ್ರತ್ಯೇಕ ಕೋಣೆ ಇಲ್ಲದವರಿಗೆ, ಅಡುಗೆ, ಮಕ್ಕಳ ಆನ್‌ಲೈನ್ ಕ್ಲಾಸು, ಮೀಟಿಂಗು ಮೂರನ್ನೂ ಒಟ್ಟಿಗೆ ನಿಭಾಯಿಸಿದ ಹೆಣ್ಣುಮಕ್ಕಳಿಗೆ ಅದೇ ಮನೆ ಉಸಿರುಗಟ್ಟಿಸಿತು. ಟೆಕ್ ಪಾರ್ಕ್‌ಗಳ ಕ್ಯಾಬ್ ಚಾಲಕರಿಗಂತೂ ಮನೆಯಿಂದ ಮಾಡೋಕೆ ಕೆಲಸವೇ ಇರಲಿಲ್ಲ.

ಇನ್ನು ವಿಡಿಯೋ ಮೀಟಿಂಗ್. 2019ರ ಡಿಸೆಂಬರ್‌ನಲ್ಲಿ ಝೂಮ್ ಮೀಟಿಂಗ್‌ಗಳಲ್ಲಿ ದಿನಕ್ಕೆ ಹೆಚ್ಚೆಂದರೆ 1 ಕೋಟಿ ಹಾಜರಿ. ಮೂರೇ ತಿಂಗಳಲ್ಲಿ ಅದು 20 ಕೋಟಿ ದಾಟಿತು. ಜೊತೆಗೇ ಬಂತು ಹೊಸ ಬಗೆಯ ಸುಸ್ತು. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ಕಾರಣಗಳನ್ನು ಬಿಡಿಸಿಟ್ಟರು: ಸದಾ ದಿಟ್ಟಿಸೋ ಕಣ್ಣುಗಳು, ದಿನವಿಡೀ ಕಾಣೋ ನಮ್ಮದೇ ಮುಖ, ಅಲುಗಾಡದೆ ಕೂರೋದು, ಸನ್ನೆಗಳನ್ನು ಅರ್ಥ ಮಾಡಿಕೊಳ್ಳೋಕೆ ಮಿದುಳಿಗೆ ಹೆಚ್ಚಿನ ಶ್ರಮ.

ಹಾಗಾದರೆ ನೌಕರರಿಗೆ ಮನೆ ಬೇಡವಾಯಿತಾ? ಇಲ್ಲ. ಬ್ಲೂಮ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ, ನಿರೀಕ್ಷೆಗಿಂತ ಚೆನ್ನಾಗಿತ್ತು ಅಂದವರೇ ಹೆಚ್ಚು. ಆದರೆ ಬಹಳ ಜನ ಕೇಳಿದ್ದು ವಾರಪೂರ್ತಿ ಮನೆಯನ್ನಲ್ಲ, ವಾರಕ್ಕೆ ಕೆಲವು ದಿನ.

ಶಾಂಘೈನ ನೌಕರರಿಗೆ ಆಯ್ಕೆ ಇತ್ತು: ಹೋದರು, ನೋಡಿದರು, ಬೇಡ ಅನಿಸಿದವರು ವಾಪಸ್ ಬಂದರು. 2020ರಲ್ಲಿ ಮನೆಗೆ ಹೋಗಿ ಅಂದಾಗ ನಮ್ಮನ್ನು ಯಾರೂ ಕೇಳಲಿಲ್ಲ, ಕೇಳೋ ಹೊತ್ತೂ ಅದಾಗಿರಲಿಲ್ಲ. ಈಗ ಆಫೀಸಿಗೆ ಬನ್ನಿ ಅನ್ನೋ ಮೇಲ್ ಬರುತ್ತೆ. ಈ ಸಲ ಕೇಳೋಕೆ ಹೊತ್ತಿದೆ, ಅಲ್ವಾ?