ಹಳೇ ಸೋಫಾ ಸಾಗಿಸೋಕೆ ಎಷ್ಟು ಕೊಡಬೇಕು?

ವಿಜಯನಗರದ ಬಾಡಿಗೆ ಮನೆ ಖಾಲಿ ಮಾಡುವ ದಿನ ಹತ್ತಿರ ಬಂದಾಗ ಹೊಸ ಮನೆಗೆ ಬೇಡವಾದ ಸಾಮಾನೆಲ್ಲ ಹಾಲ್‌ನಲ್ಲಿ ಒಂದು ಕಡೆ ಸೇರಿತು. ಮೂರು ಜನ ಕೂರುವ ಸೋಫಾ, ಎರಡು ಹಾಸಿಗೆ, ಗೋಡೆಯ ತೇವಕ್ಕೆ ಉಬ್ಬಿಹೋದ ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್, ಕೆಟ್ಟ ಫ್ರಿಜ್ಜು, ಒಂದು ಕಬ್ಬಿಣದ ಮಂಚ, ಜೊತೆಗೆ ಹದಿನೈದು ವರ್ಷದಿಂದ ಮನೆಯಿಂದ ಮನೆಗೆ ಹೊತ್ತುಕೊಂಡು ಬಂದಿದ್ದ ನನ್ನ ಇಂಜಿನಿಯರಿಂಗ್ ಪುಸ್ತಕಗಳು. ಮಾಲೀಕರು ಬಂದು ನೋಡಿ, "ಇದನ್ನೆಲ್ಲ ತೆಗೆಸಿ ಕೊಡಿ, ಇಲ್ಲಾಂದ್ರೆ ಅಡ್ವಾನ್ಸ್‌ನಲ್ಲಿ 8,000 ಹಿಡ್ಕೋತೀನಿ" ಅಂದರು.

ಫೋನಿನಲ್ಲಿ ಹುಡುಕಿ ಮೂರು ಕಡೆ ವಿಚಾರಿಸಿದೆ. ಎಲ್ಲರಿಗೂ ಕಳಿಸಿದ್ದು ಅದೇ ಫೋಟೋಗಳು. ಒಬ್ಬರು 1,500 ಅಂದರು, ಇನ್ನೊಬ್ಬರು 3,800, ಮತ್ತೊಬ್ಬರು 6,500. ಅದೇ ಸಾಮಾನು, ಅದೇ ಎರಡನೇ ಮಹಡಿ. ಇಷ್ಟೊಂದು ವ್ಯತ್ಯಾಸ ಹೇಗೆ ಅನ್ನೋದು ತಲೆಗೆ ಹೊಕ್ಕಿತು. ಓದಿದ ಇಂಜಿನಿಯರಿಂಗ್ ಕೆಲಸಕ್ಕೆ ಬಂದ ಅಪರೂಪದ ಸಂದರ್ಭ ಇದು.

ಮೊದಲು ಬಂದವರು ಬೀದಿ ಕೊನೆಯ ಗುಜರಿ ಅಂಗಡಿಯವರು. ಫ್ರಿಜ್ಜಿಗೆ 900 ಅಂದರು. ಮಂಚದ ಕಬ್ಬಿಣವನ್ನೂ ಪುಸ್ತಕಗಳನ್ನೂ ತೂಗಿ, ಎಲ್ಲ ಸೇರಿಸಿ 1,950 ಕೈಗಿಟ್ಟರು. ಖುಷಿಯಾಗಿ ಸೋಫಾ ಕಡೆ ಕೈ ತೋರಿಸಿದೆ. "ಇದಕ್ಕೆ ನೀವೇ ದುಡ್ಡು ಕೊಡ್ಬೇಕು ಸಾರ್" ಅಂತ ನಕ್ಕರು.

ಅವರ ಮಾತಿನಲ್ಲಿ ಈ ವ್ಯಾಪಾರದ ಅರ್ಧ ಗುಟ್ಟಿದೆ. ಗುಜರಿ ಲೆಕ್ಕ ನಡೆಯೋದು ತೂಕದ ಮೇಲೆ, ಗಾಡಿ ಲೆಕ್ಕ ನಡೆಯೋದು ಜಾಗದ ಮೇಲೆ. ಆರು ಇಂಚು ದಪ್ಪದ ಕ್ವೀನ್ ಸೈಜ್ ಫೋಮ್ ಹಾಸಿಗೆ ಹೆಚ್ಚೂಕಡಿಮೆ ಅರ್ಧ ಘನ ಮೀಟರ್ ಜಾಗ ತಿನ್ನುತ್ತದೆ. ಅಂಗಡಿಯವರು '32 ಡೆನ್ಸಿಟಿ' ಅಂತ ಹೇಳಿ ಮಾರುವ ಫೋಮು ಅಂದರೆ ಒಂದು ಘನ ಮೀಟರಿಗೆ 32 ಕೆ.ಜಿ. ಅಲ್ಲಿಗೆ ಇಡೀ ಹಾಸಿಗೆಯ ಫೋಮ್ ತೂಗಿದರೆ 15 ಕೆ.ಜಿ. ಆಸುಪಾಸು. ಅಷ್ಟೇ ಜಾಗದಲ್ಲಿ ಗಟ್ಟಿ ಕಬ್ಬಿಣ ತುಂಬಿದರೆ ಮೂರೂವರೆ ಟನ್ ದಾಟುತ್ತದೆ. ಟಾಟಾ ಏಸ್‌ನ ಹಿಂಬದಿ ಸುಮಾರು ಏಳಡಿ ಉದ್ದ, ಐದಡಿ ಅಗಲ. ಒಂದು ಸೋಫಾ, ಎರಡು ಹಾಸಿಗೆ ಹೋದರೆ ಗಾಡಿ ತುಂಬಿತು. ತೂಕದ ಲೆಕ್ಕದಲ್ಲಿ ನೋಡಿದರೆ ಅದು ಖಾಲಿ ಗಾಡಿಯೇ.

3,800 ಹೇಳಿದವರಿಗೆ ಮತ್ತೆ ಫೋನ್ ಮಾಡಿ, "ಅಣ್ಣ, ಬೇಜಾರಿಲ್ಲಾಂದ್ರೆ ಲೆಕ್ಕ ಬಿಡಿಸಿ ಹೇಳ್ತೀರಾ?" ಅಂದೆ. ಬೇಜಾರಿಲ್ಲದೆ ಹೇಳಿದರು. ಗಾಡಿ, ಡ್ರೈವರ್, ಡೀಸೆಲ್ ಸೇರಿ 1,200. ಎತ್ತಿ ಇಳಿಸಲು ಇಬ್ಬರು, ತಲಾ 700. ಲಿಫ್ಟ್ ಇಲ್ಲದ ಎರಡನೇ ಮಹಡಿಗೆ 400. ಮಿಕ್ಕ 800 ಸೋಫಾ ಬಿಚ್ಚಿಸೋಕೆ, ಶೆಡ್ ಬಾಡಿಗೆಗೆ, ಅವರ ಲಾಭಕ್ಕೆ. ಇದರಲ್ಲಿ ನನಗೆ ಉತ್ಪ್ರೇಕ್ಷೆ ಕಾಣಲಿಲ್ಲ. 6,500 ಹೇಳಿದವರು ಫೋಟೋ ನೋಡಿ ದೊಡ್ಡ ಗಾಡಿಯ ಪೂರ್ತಿ ಬಾಡಿಗೆ ಹಾಕಿದ್ದರು. ಅಳತೆ ಕೇಳಿರಲೇ ಇಲ್ಲ.

ಹಾಗಾದರೆ 1,500ಕ್ಕೆ ಹೇಗೆ ಆಗುತ್ತೆ? ಗಾಡಿ, ಒಬ್ಬ ಹುಡುಗ, ಅಷ್ಟರಲ್ಲೇ ದುಡ್ಡು ಮುಗಿಯಿತು. ಸೋಫಾ ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ದಕ್ಕೆ, "ಅದೆಲ್ಲಾ ನಮಗೆ ಬಿಡಿ ಸಾರ್, ನಿಮ್ಮ ಮನೆ ಕ್ಲೀನ್ ಆದ್ರೆ ಸಾಕಲ್ವಾ" ಅಂದರು. ಬೆಂಗಳೂರಿನಲ್ಲಿ ಓಡಾಡುವವರಿಗೆ ಇದರ ಉತ್ತರ ಗೊತ್ತು. ಫ್ಲೈಓವರ್ ಕೆಳಗೆ, ರಾಜಕಾಲುವೆ ಪಕ್ಕ, ಕೆರೆ ಏರಿಯ ಆಚೆ ಬದಿ, ಖಾಲಿ ಸೈಟಿನ ಮೂಲೆಯಲ್ಲಿ ಮಳೆಗೆ ನೆನೆದು ಬಿದ್ದಿರುವ ಸೋಫಾಗಳು ನಡೆದುಕೊಂಡು ಅಲ್ಲಿಗೆ ಹೋದವಲ್ಲ. ಕಡಿಮೆ ರೇಟಿನಲ್ಲಿ ಉಳಿಯುವ ದುಡ್ಡು ಹೆಚ್ಚಾಗಿ ಗಾಡಿಯಲ್ಲೂ ಅಲ್ಲ, ಕೂಲಿಯಲ್ಲೂ ಅಲ್ಲ, ಈ ಕೊನೆಯ ಹಂತವನ್ನು ಹಾರಿಸುವುದರಲ್ಲಿ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಕಸ ಉತ್ಪಾದಿಸುವವರು ಅದನ್ನು ಬೀದಿ, ಬಯಲು, ಚರಂಡಿ, ನೀರಿನ ಮೂಲಗಳಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು ಅಂತ ಬರೆದಿತ್ತು. ಉತ್ಪಾದಿಸುವವರು ಅಂದರೆ ನಾವೇ. ಗಾಡಿಯವರಿಗೆ ಕೊಟ್ಟ ಕ್ಷಣಕ್ಕೆ ಜವಾಬ್ದಾರಿ ಕೈತೊಳೆದುಕೊಂಡೆವು ಅನ್ನೋದು ನಮ್ಮ ಸಮಾಧಾನ ಅಷ್ಟೇ. ಈ ಊರಿಗೆ ಮಾವಳ್ಳಿಪುರ, ಮಂಡೂರಿನ ನೆನಪು ಇರಬೇಕು. ನಮ್ಮ ಅಡುಗೆಮನೆ ಕಸಕ್ಕೆ ಆ ಹಳ್ಳಿಗಳು ವರ್ಷಗಟ್ಟಲೆ ನೀರು, ಗಾಳಿ ತೆತ್ತವು. ಜನ ರಸ್ತೆಗಿಳಿದ ಮೇಲೆ, 2014ರ ಕೊನೆಗೆ ಮಂಡೂರಿಗೆ ಲಾರಿ ಹೋಗೋದು ನಿಂತಿತು.

ಸೋಫಾ ಬಿಚ್ಚಿದರೆ ಏನೂ ಸಿಗಲ್ಲ ಅಂತಲ್ಲ. ಒಳಗಿನ ಮರ ಸೌದೆಗೆ ಹೋಗುತ್ತದೆ. ಫೋಮನ್ನು ಚೂರು ಮಾಡಿ ಅಂಟು ಹಾಕಿ ಒತ್ತಿದರೆ 'ರೀಬಾಂಡೆಡ್' ಹಾಸಿಗೆ ಆಗುತ್ತದೆ. ಸ್ಪ್ರಿಂಗು, ಮೊಳೆ ಕಬ್ಬಿಣಕ್ಕೆ. ಆದರೆ ಮೊಳೆ ಕಿತ್ತು, ಬಟ್ಟೆ ಹರಿದು, ಬೇರೆ ಬೇರೆ ಮಾಡೋಕೆ ಒಬ್ಬರ ಅರ್ಧ ದಿನ ಹೋಗುತ್ತೆ. ಸಿಗುವ ಮಾಲಿನ ಬೆಲೆ ಆ ಕೂಲಿಗೆ ಸಾಲದು. ಸಾಲದ ಭಾಗವನ್ನು ನಾವು ಕೊಡಬೇಕು. ಪಾರ್ಟಿಕಲ್ ಬೋರ್ಡ್ ಕಥೆ ಇನ್ನೂ ಕಷ್ಟ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ ಅದು, ನೀರು ಕುಡಿದರೆ ಮತ್ತೆ ಹಲಗೆಯಾಗಲ್ಲ, ಸುಟ್ಟರೆ ಆ ಅಂಟೂ ಹೊಗೆಯಾಗುತ್ತದೆ. ಕೊಳ್ಳುವಾಗ ಅಗ್ಗ, ಬಿಸಾಡುವಾಗ ದುಬಾರಿ.

ಫ್ರಿಜ್ಜಿನ ವಿಚಾರದಲ್ಲಿ ನಾನು ಮಾಡಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಸಣ್ಣ ಗುಜರಿಗಳಲ್ಲಿ ಕಂಪ್ರೆಸರ್ ಪೈಪು ಕತ್ತರಿಸಿದಾಗ ಒಳಗಿನ ಗ್ಯಾಸು ನೇರ ಗಾಳಿಗೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆಯ ಹೊಣೆ ತಯಾರಕರದು, ಮಾಲು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಹೊಸ ಫ್ರಿಜ್ ಕೊಳ್ಳುವಾಗ ಎಕ್ಸ್‌ಚೇಂಜ್ ಕೇಳಿದ್ದರೆ ಮುಗಿಯುತ್ತಿತ್ತು. ನಾನು 900 ರೂಪಾಯಿಗೆ ಅವಸರ ಮಾಡಿದೆ.

ಬಚ್ಚಲುಮನೆ ರಿಪೇರಿ ಮಾಡಿಸಿದವರಿಗೆ ಲೆಕ್ಕ ಉಲ್ಟಾ. ಇಟ್ಟಿಗೆ, ಗಾರೆ, ಟೈಲ್ಸ್ ಚೂರು ಒಂದು ಘನ ಮೀಟರ್ ಇದ್ದರೇ ಒಂದು ಟನ್ ಮೀರುತ್ತದೆ. ಸಣ್ಣ ಗಾಡಿ ಹೊರುವುದು ಮುಕ್ಕಾಲು ಟನ್ ಆಸುಪಾಸು. ಹಾಗಾಗಿ ಅರ್ಧ ತುಂಬುವ ಮೊದಲೇ ಗಾಡಿ ಸಾಕೆನ್ನುತ್ತದೆ, ಟ್ರಿಪ್ಪು ಜಾಸ್ತಿ. ಡೆಬ್ರಿಯನ್ನು ಸೋಫಾ ಜೊತೆ ಸೇರಿಸಿ ರೇಟ್ ಕೇಳಬೇಡಿ, ಎರಡೂ ಬೇರೆ ಬೇರೆ ವ್ಯವಹಾರ.

ದುಡ್ಡು ಉಳಿಸೋಕೆ ದಾರಿಗಳಿವೆ. ಹೆಚ್ಚಿನವು ಗಾಡಿ ಬರುವ ಮೊದಲೇ ಮಾಡಬೇಕಾದವು. ಮಾರಾಟವಾಗುವುದನ್ನು ಮೊದಲು ಗುಜರಿಗೆ ಕೊಟ್ಟುಬಿಡಿ, 'ಎಲ್ಲಾ ಒಟ್ಟಿಗೆ ತಗೊಂಡು ಹೋಗಿ' ಅಂದರೆ ಕಬ್ಬಿಣದ ಬೆಲೆ ಕೈತಪ್ಪುತ್ತದೆ. ವಾರ್ಡ್‌ರೋಬ್ ಬಿಚ್ಚಿ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಅದು ಹಿಡಿಯುವ ಜಾಗ ತುಂಬಾ ಕಡಿಮೆ. ನಿಮ್ಮ ಕೈಲಾದಷ್ಟನ್ನು ಕೆಳಗಿಳಿಸಿ. ಪಕ್ಕದ ಮನೆಯಲ್ಲೂ ಹಳೇ ಹಾಸಿಗೆ ಇರುತ್ತೆ, ಕೇಳಿ, ಗಾಡಿ ಹಂಚಿಕೊಳ್ಳಬಹುದು. ಫೋಟೋ ಜೊತೆ ಅಳತೆಯನ್ನೂ ಮಹಡಿಯನ್ನೂ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಹಮಾಲಿ ಸೇರಿದೆಯಾ ಇಲ್ಲವಾ ಬರವಣಿಗೆಯಲ್ಲೇ ಕೇಳಿ. ಇಲ್ಲಾಂದ್ರೆ ಸೋಫಾ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಾಗ ರೇಟು ಏರುತ್ತದೆ, ಆಗ ನಿಮ್ಮ ಕೈಯಲ್ಲಿ ಏನೂ ಇರಲ್ಲ. ಪೂರ್ತಿ ದುಡ್ಡು ಮುಂಚೆಯೇ ಕೊಡಬೇಡಿ.

ಇನ್ನೊಂದು ಅಭ್ಯಾಸವಿದೆ, 'ಕೆಲಸದವರಿಗೆ ಕೊಟ್ಟುಬಿಡೋಣ' ಅನ್ನೋದು. ಕೂರಲು ಬರುವ ಸೋಫಾ ಆದರೆ, ಅವರು ಬೇಕು ಅಂದರೆ, ಕೊಡಿ, ಆಟೋ ಬಾಡಿಗೆಯನ್ನೂ ಕೊಡಿ. ಮುರಿದಿದ್ದನ್ನು ಕೊಡುವುದು ದಾನವಲ್ಲ, ನಮ್ಮ ಸಾಗಾಟದ ಖರ್ಚನ್ನು ಹತ್ತಡಿ ಕೋಣೆಯಲ್ಲಿ ಇರುವವರ ತಲೆಗೆ ಕಟ್ಟುವುದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೆ ಕಸದ ಶುಲ್ಕ ಕಟ್ಟುತ್ತಿದ್ದೇವೆ. 600 ಚದರಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿಯಿಂದ ಶುರುವಾಗಿ 4,000 ಚದರಡಿ ಮೀರಿದ ಮನೆಗೆ 400ರವರೆಗೆ. ಬೆಳಗ್ಗೆ ಬರುವ ಆಟೋ ಟಿಪ್ಪರ್ ಹಸಿ, ಒಣ ಕಸ ಒಯ್ಯುತ್ತದೆ, ಸೋಫಾ ಕಂಡರೆ ಮುಂದೆ ಹೋಗುತ್ತದೆ. ಟಿಪ್ಪರ್‌ನವರ ತಪ್ಪಲ್ಲ, ಅದರಲ್ಲಿ ಜಾಗವೇ ಇಲ್ಲ. ಜಪಾನಿನ ನಗರಗಳಲ್ಲಿ ದಿನ ಗೊತ್ತುಮಾಡಿಕೊಂಡು, ಅಂಗಡಿಯಲ್ಲಿ ಶುಲ್ಕದ ಸ್ಟಿಕ್ಕರ್ ಕೊಂಡು ಸೋಫಾಗೆ ಅಂಟಿಸಿ ಹೊರಗಿಟ್ಟರೆ ಪಾಲಿಕೆಯವರು ಒಯ್ಯುತ್ತಾರೆ. ಬಿಟ್ಟಿ ಅಲ್ಲ, ಆದರೆ ರೇಟು ಎಲ್ಲರಿಗೂ ಒಂದೇ, ಮುಂಚೆಯೇ ಗೊತ್ತು. ವಾರ್ಡಿಗೊಂದು ನಿಗದಿತ ದಿನ, ಒಂದು ರೇಟ್ ಬೋರ್ಡು, ಬಿಚ್ಚುವವರಿಗೆ ಒಂದು ಶೆಡ್ಡು, ಇಷ್ಟನ್ನು ಕೇಳುವುದು ದುಬಾರಿ ಬೇಡಿಕೆಯೇನಲ್ಲ. ಬಿದ್ದ ಸೋಫಾವನ್ನು ಕಾಲುವೆಯಿಂದ ಎತ್ತುವುದಕ್ಕೂ ಪಾಲಿಕೆಯೇ ಗಾಡಿ, ಆಳು ಕಳಿಸಬೇಕಲ್ಲ.

ನಾನು 3,800ರವರನ್ನೇ ಕರೆದೆ. ವಾರ್ಡ್‌ರೋಬ್ ಬಿಚ್ಚಿಟ್ಟಿದ್ದೆ, ಹಾಸಿಗೆಗಳನ್ನು ಗೇಟಿನ ಹತ್ತಿರ ಇಳಿಸಿದ್ದೆ, 3,300ಕ್ಕೆ ಒಪ್ಪಿದರು. ಗುಜರಿ ದುಡ್ಡು ಕಳೆದರೆ ಕೈಯಿಂದ ಹೋಗಿದ್ದು 1,350. ಗಾಡಿ ಹಿಂದೆಯೇ ಬೈಕಿನಲ್ಲಿ ನಾಯಂಡಹಳ್ಳಿ ಕಡೆಯ ಅವರ ಶೆಡ್ಡಿಗೂ ಹೋದೆ. ಇಬ್ಬರು ಕೂತು ಬೇರೆ ಯಾರದೋ ಸೋಫಾದ ಮೊಳೆ ಕೀಳುತ್ತಿದ್ದರು. ಒಂದು ಕಡೆ ಮರ, ಒಂದು ಕಡೆ ಫೋಮು, ಆಚೆ ಗೋಡೆಗೆ ರೆಕ್ಸಿನ್ ತುಂಡು, ಉಬ್ಬಿದ ಹಲಗೆಗಳ ರಾಶಿ. "ಇದು ಎಲ್ಲಿಗೆ?" ಅಂದೆ.

"ಇದನ್ನ ತಗೊಳ್ಳೋರು ಇನ್ನೂ ಸಿಕ್ಕಿಲ್ಲ ಸಾರ್" ಅಂದರು, ನನ್ನ ವಾರ್ಡ್‌ರೋಬಿನ ಹಲಗೆಗಳನ್ನೂ ಅದರ ಮೇಲೆ ಇಡಿಸುತ್ತಾ.