ಉಡಕ್ಕ ಹೆಸರೈತಿ, ಹತ್ತಿದವರಿಗಿಲ್ಲ

ತಾನಾಜಿ ಮಾಲುಸರೆಯ ಕಥೆ ಕೇಳದೆ ದೊಡ್ಡವರಾದವರು ನಮ್ಮ ಆಜರಾ, ಗಡಹಿಂಗ್ಲಜ ಭಾಗದಲ್ಲಿ ಯಾರೂ ಇರಲಿಕ್ಕಿಲ್ಲ. ಮನೆಯೊಳಗೆ ಕನ್ನಡ ಮಾತಾಡುವವರಿರಲಿ, ಮರಾಠಿ ಮಾತಾಡುವವರಿರಲಿ, ಪೋವಾಡಾ ಎಲ್ಲರ ಕಿವಿಗೂ ಬಿದ್ದಿರುತ್ತದೆ. 1670ರ ಫೆಬ್ರುವರಿ 4ರ ರಾತ್ರಿ, ಕೊಂಡಾಣಾ ಗಡ, ನೆಟ್ಟಗೆ ನಿಂತ ಕಡಿದಾದ ಬಂಡೆ, ಯಶವಂತಿ ಅನ್ನೋ ಉಡ, ಅದರ ನಡುವಿಗೆ ಕಟ್ಟಿದ ಹಗ್ಗ. ಉಡ ಮೊದಲು ಹಿಂದಕ್ಕೆ ಬಂತು, ತಾನಾಜಿ ಗದರಿಸಿದ ಮೇಲೆ ಹತ್ತಿ ಹೋಗಿ ಬಂಡೆಗೆ ಉಗುರು ಊರಿತು, ಮಾವಳೆ ಮಂದಿ ಹಗ್ಗ ಹಿಡಿದು ಮೇಲೆ ಹೋದರು. ಗಡ ಬಂತು, ಸಿಂಹ ಹೋಯಿತು. ಇಷ್ಟನ್ನು ಸಣ್ಣ ಹುಡುಗನೂ ಹೇಳುತ್ತಾನೆ.

ನಾನು ಈ ಕಥೆಯನ್ನು ಮತ್ತೆ ಕೆದಕಲಿಕ್ಕೆ ಕಾರಣ ಬಂಡೆ ಹತ್ತೋ ಹುಡುಗರು. ಕೊಲ್ಹಾಪುರ, ಬೆಳಗಾವಿ ಕಡೆಯಿಂದ ಹುಡುಗರು, ಹುಡುಗಿಯರು ಹಗ್ಗ, ಕೊಕ್ಕೆ, ಹೆಲ್ಮೆಟ್ ಹೊತ್ತುಕೊಂಡು ಈ ಘಟ್ಟದ ಕಡೆ ಬರುತ್ತಾರೆ. ಮಳೆ ನಿಂತು ಬಂಡೆ ಒಣಗಿತು ಅಂದ್ರ ಅವರ ಹಂಗಾಮು ಶುರು, ಮಿರಗದ ಮಳೆಗೆ ಬಂದ್. ಹತ್ತೋದು ನನ್ನ ಕೈಲಾಗುವ ಕೆಲಸ ಅಲ್ಲ. ಆದರೆ ಚಹದ ಅಂಗಡಿಯ ಮುಂದೆ ಅವರ ವಾದ ಕೇಳುತ್ತ ಕೂಡೋದು ನನಗೆ ಭಾಳ ಸೇರುತ್ತದೆ. ಬೂಟು ಒಂದು ನಂಬರು ಸಣ್ಣದು ತಗೋಬೇಕೋ ಬ್ಯಾಡೋ, ನಾಲ್ಕು ವರ್ಷ ಹಳೇ ಹಗ್ಗ ಇನ್ನೂ ನಂಬಬೇಕೋ ದನ ಕಟ್ಟಲಿಕ್ಕೆ ಕೊಡಬೇಕೋ, ಹೆಜ್ಜೇನು ಕೂತ ಬಂಡೆಯ ಹತ್ತಿರ ಹೋದವನು ಶಾಣ್ಯಾನೋ ಹುಚ್ಚನೋ. ಅಂಥ ಒಂದು ಸಂಜೆ ಉಡದ ಮಾತು ಬಂತು. "ಅಜ್ಜಾ, ಅದು ಸುಳ್ಳರಿ" ಅಂದ ಒಬ್ಬ. ಇನ್ನೊಬ್ಬನಿಗೆ ಸಿಟ್ಟು ಬಂತು.

ಸುಳ್ಳು ಅಂದವನ ವಾದ ಹೀಗಿತ್ತು. ಉಡ ದೊಡ್ಡದೆಂದರೂ ಆರೇಳು ಕಿಲೋ ತೂಗುತ್ತದೆ. ಬಿರುಕಿನಲ್ಲಿ ಹೊಕ್ಕು ಮೈ ಉಬ್ಬಿಸಿ ಕೂತರೆ ಅದನ್ನು ಎಳೆದು ತೆಗೆಯೋದು ಕಷ್ಟ, ಅದು ಖರೆ. ಅದಕ್ಕೇ ಉಡದ ಪಟ್ಟು ಅಂತ ನಮ್ಮಲ್ಲಿ ಮಾತು ಹುಟ್ಟಿದ್ದು. ಆದರೆ ಹಗ್ಗಕ್ಕೆ ಜೋತುಬಿದ್ದ ಮನುಷ್ಯನ ಭಾರ ಒಂದೇ ಸಮ ಇರೋದಿಲ್ಲ. ಕಾಲು ಜಾರಿದರೆ ಆ ಜಗ್ಗು ಅವನ ತೂಕದ ಎಷ್ಟೋ ಪಟ್ಟು ಆಗುತ್ತದೆ. ಈಗಿನ ನೈಲಾನ್ ಹಗ್ಗ ಹಿಗ್ಗಿ ಆ ಪೆಟ್ಟನ್ನು ನುಂಗುತ್ತದೆ, ಹಳೆಯ ನಾರಿನ ಹಗ್ಗ ಹಿಗ್ಗೋದಿಲ್ಲ. ಪೆಟ್ಟೆಲ್ಲ ಮೇಲಿನ ಗಂಟಿಗೇ ಹೋಗಬೇಕು. ಅಲ್ಲಿ ಗಂಟು ಅಂದ್ರ ಜೀವಂತ ಪ್ರಾಣಿ! ಸಿಟ್ಟು ಬಂದವನು ಇದಕ್ಕೆ ಉತ್ತರ ಕೊಡಲಿಲ್ಲ, ಪೋವಾಡಾದ ಮಾತನ್ನೇ ಮತ್ತೆ ಹೇಳಿದ.

ನನ್ನ ಮಟ್ಟಿಗೆ ಈ ತಕರಾರಿಗೆ ಉತ್ತರ ಸಭಾಸದ ಬಖರಿನಲ್ಲಿದೆ. ಕೃಷ್ಣಾಜಿ ಅನಂತ ಸಭಾಸದ ಅದನ್ನು 1690ರ ದಶಕದಲ್ಲಿ, ರಾಜಾರಾಮ ಮಹಾರಾಜರು ಜಿಂಜಿಯಲ್ಲಿದ್ದಾಗ ಬರೆದ. ಅಂದರೆ ಘಟನೆ ನಡೆದು ಮೂವತ್ತು ವರ್ಷದೊಳಗೆ. ಅವನ ಬರವಣಿಗೆಯಲ್ಲಿ ಉಡ ಇಲ್ಲವೇ ಇಲ್ಲ. ಹತ್ತಲಿಕ್ಕೆ ಬಲ್ಲ ಇಬ್ಬರು ಮಾವಳೆಯರನ್ನು ಆರಿಸಿದರು, ಅವರು ಕೋತಿಯ ಹಾಗೆ ಬಂಡೆ ಏರಿ ಹೋದರು, ಮೇಲಿನಿಂದ ಮಾಳ, ಅಂದರೆ ಹಗ್ಗದ ಏಣಿ ಇಳಿಬಿಟ್ಟರು, ಅದನ್ನು ಹಿಡಿದು ತಾನಾಜಿ ಸಮೇತ ಮುನ್ನೂರು ಮಂದಿ ಮೇಲೆ ಹೋದರು ಅಂತ ಅವನ ಮಾತಿನ ತಾತ್ಪರ್ಯ. ಇದನ್ನು ಹುಡುಗರಿಗೆ ಓದಿ ಹೇಳಿದಾಗ ಸುಳ್ಳು ಅಂದಿದ್ದವನು ಎದ್ದು ನಿಂತುಬಿಟ್ಟ. "ಇದು ನಾವ್ ಮಾಡೋದ ಅಲ್ಲೇನ್ರಿ! ಮುಂದಿನವಾ ಹಗ್ಗದ ಆಸರ ಇಲ್ಲದ ಹತ್ತತಾನ, ಹಿಂದಿನವರಿಗೆ ಹಗ್ಗ ಬಿಗಿತಾನ." ಹೌದು. ಮುನ್ನೂರು ಮಂದಿಯ ಜೀವ ಆ ಇಬ್ಬರ ಬೆರಳ ತುದಿಯಲ್ಲಿತ್ತು.

ಆ ಇಬ್ಬರ ಹೆಸರು ಸಭಾಸದ ಬರೆದಿಲ್ಲ. ಮುಂದೆ ಪೋವಾಡಾ ಕಟ್ಟಿದ ಶಾಹಿರರ ಬಾಯಲ್ಲಿ ಆ ಜಾಗದಲ್ಲಿ ಉಡ ಬಂದು ಕೂತಿತು. ಉಡಕ್ಕೆ ಯಶವಂತಿ ಅಂತ ಹೆಸರೂ ಬಂತು. ಇದು ನನ್ನ ತಲೆಯಿಂದ ಹೋಗವಲ್ದು.

ಉಡದ ಕಥೆ ತಾನಾಜಿಗಿಂತಲೂ ಹಳೆಯದು, ನಮ್ಮೂರಿಗೂ ಅದರ ನಂಟಿದೆ. ಮುಧೋಳದ ಘೋರ್ಪಡೆ ಮನೆತನದಲ್ಲಿ ಒಂದು ಪರಂಪರೆಯ ಮಾತಿದೆ. ಬಹಮನಿ ವಜೀರ ಮಹಮೂದ್ ಗವಾನ್ ಖೇಳಣಾ ಗಡಕ್ಕೆ ಮುತ್ತಿಗೆ ಹಾಕಿದಾಗ ಅವರ ಹಿರಿಯರು ಉಡಕ್ಕೆ ಹಗ್ಗ ಕಟ್ಟಿ ಗಡ ಏರಿದರು, ಅದಕ್ಕೇ ಸುಲ್ತಾನನಿಂದ ಘೋರ್ಪಡೆ ಎಂಬ ಬಿರುದು ಬಂತು ಅಂತ. ಮರಾಠಿಯಲ್ಲಿ ಘೋರ್ಪಡ ಅಂದ್ರ ಉಡ. ಖೇಳಣಾ ಅಂದ್ರ ನಮ್ಮ ಕೊಲ್ಹಾಪುರ ಜಿಲ್ಲೆಯದೇ ವಿಶಾಳಗಡ. 1471ರದು ಅಂತ ಹೇಳುವ ಒಂದು ಫರ್ಮಾನೂ ತೋರಿಸುತ್ತಾರೆ, ಆದರೆ ಆ ಫರ್ಮಾನು ಅಸಲಿಯೋ ಅಲ್ಲವೋ ಅಂತ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಅದೇ ಘೋರ್ಪಡೆ ಕುಲದ ಕಾಪಶಿಯ ಸಂತಾಜಿಯ ಹತ್ತಿರ ನಾರೋ ಮಹಾದೇವ ಜೋಶಿ ಚಾಕರಿಗೆ ನಿಂತ. ಧಣಿಯ ಮೇಲಿನ ನಿಷ್ಠೆಯಿಂದ ಜೋಶಿ ಹೆಸರು ಬಿಟ್ಟು ಘೋರ್ಪಡೆ ಅಂತ ಹಚ್ಚಿಕೊಂಡ. ಅವನ ವಂಶದವರೇ ಇಚಲಕರಂಜಿಯ ಜಹಾಗೀರದಾರರಾದರು, ಆಜರಾ ಮಹಾಲು ಆ ಜಹಾಗೀರಿಯೊಳಗಿತ್ತು. ಹಿಂಗ ನೋಡಿದರೆ ನಮ್ಮಜ್ಜಂದಿರು ತಲೆಮಾರುಗಟ್ಟಲೆ ಉಡದ ಹೆಸರಿನವರಿಗೇ ಕಂದಾಯ ಕಟ್ಟಿದರು. ವಿಶಾಳಗಡ ನಿಜವಾಗಿ ಹತ್ತಿದವರು ಯಾರು? ಆ ಪರಂಪರೆಯಲ್ಲೂ ಸರದಾರ ಇದ್ದಾನೆ, ಉಡ ಇದೆ, ಮುಂದೆ ಹೋದ ಕೂಲಿ ಮನುಷ್ಯ ಇಲ್ಲ.

ಹೆಸರು ಉಳಿದ ಒಬ್ಬಾಕೆ ಇದ್ದಾಳೆ, ರಾಯಗಡದ ಹಿರಕಣಿ. ಹಾಲು ಮಾರಲಿಕ್ಕೆ ಗಡಕ್ಕೆ ಹೋದವಳು, ಸಂಜೆ ಬಾಗಿಲು ಮುಚ್ಚಿದ ಮೇಲೆ ಮನೆಯಲ್ಲಿದ್ದ ಕೂಸಿಗಾಗಿ ಕತ್ತಲಲ್ಲಿ ಬಂಡೆ ಇಳಿದು ಹೋದಳು, ಮಹಾರಾಜರು ಅಲ್ಲಿ ಬುರುಜು ಕಟ್ಟಿಸಿ ಆಕೆಯ ಹೆಸರಿಟ್ಟರು ಅಂತ ಕಥೆ. ದಾಖಲೆ ಕೇಳಿದರೆ ಸಿಗೋದಿಲ್ಲ, ಬುರುಜು ಮಾತ್ರ ನಿಂತಿದೆ. ಬಂಡೆ ಹತ್ತೋ ಹುಡುಗಿಯೊಬ್ಬಳು ಹೇಳಿದ್ದು ನನಗೆ ಸರಿ ಅನ್ನಿಸಿತು. ಹತ್ತುವಾಗ ಮುಂದಿನ ಹಿಡಿ ಕಣ್ಣ ಮುಂದೆ ಇರುತ್ತದೆ, ಇಳಿಯುವಾಗ ಕಾಲಿನಿಂದಲೇ ಹುಡುಕಬೇಕು, ಹಗ್ಗ ಇಲ್ಲದೆ ಇಳಿಯೋದು ಹತ್ತೋದಕ್ಕಿಂತ ಕಷ್ಟ. "ಹಿರಕಣಿ ಖರೆ ಇದ್ರ, ತಾನಾಜಿ ಮಂದಿಗಿಂತ ಆಕಿನ ಹೆಚ್ಚರಿ" ಅಂದಳು. ಗಂಡಸರು ಯಾರೂ ಮಾತಾಡಲಿಲ್ಲ.

1818ರಲ್ಲಿ ಪೇಶವಾಯಿ ಮುಗಿಯಿತು. ಗಡ ಇದ್ದರೆ ಮತ್ತೆ ಬಂಡು ಏಳುತ್ತದೆ ಅಂತ ಇಂಗ್ರಜರು ಹಲವು ಗಡಗಳ ಮೆಟ್ಟಿಲು, ದಾರಿ, ಬಾಗಿಲುಗಳನ್ನು ಸುರುಂಗ ಹಚ್ಚಿ ಹಾರಿಸಿದರು. ನಮ್ಮ ಸಾಮಾನಗಡದ ಸರದಿ 1844ರ ಗಡಕರಿಗಳ ಬಂಡಿನ ಮೇಲೆ ಬಂತು. ಇಗತಪುರಿ ಕಡೆಯ ಅಲಂಗ, ಮದನ ಗಡಗಳಲ್ಲಿ ಮೆಟ್ಟಿಲು ಒಡೆದ ಜಾಗ ಇವತ್ತಿಗೂ ಹಗ್ಗ ಇಲ್ಲದೆ ದಾಟಲಿಕ್ಕೆ ಬರೋದಿಲ್ಲ. ಮುಂದೆ ಮುಂಬಯಿ, ಪುಣೆಯ ಪೇಟೆಯ ಹುಡುಗರು ಹವ್ಯಾಸಕ್ಕೆ ಬಂಡೆ ಹತ್ತಲಿಕ್ಕೆ ಶುರು ಮಾಡಿದಾಗ ಕೈ ಹಚ್ಚಿದ್ದು ಇಂಥವೇ ಜಾಗಗಳಿಗೆ. ಮುಂಬಯಿಯ ಗಿರಿವಿಹಾರ ಸಂಸ್ಥೆ 1954ರದು, ಅಂದರೆ ತೇನಸಿಂಗ್, ಹಿಲರಿ ಎವರೆಸ್ಟ್ ಏರಿದ ಮರುವರ್ಷ. ಕಂಪನಿ ಸರಕಾರ ಕೆಡವಿದ ಪಾವಟಿಗೆಗಳೇ ಸಹ್ಯಾದ್ರಿಯ ಈ ಆಟಕ್ಕೆ ಅರ್ಧ ಅಂಗಳ ಮಾಡಿಕೊಟ್ಟವು ಅಂದ್ರ ತಪ್ಪಾಗಲಿಕ್ಕಿಲ್ಲ.

ಆ ಮಂದಿಯೊಳಗಿನ ದೊಡ್ಡ ಜಗಳ ಬೋಲ್ಟಿನದು. ಬಂಡೆಗೆ ತೂತು ಕೊರೆದು ಉಕ್ಕಿನ ಬೋಲ್ಟ್ ಬಡಿದರೆ ಮುಂದೆ ಹೋಗುವವನಿಗೆ ಹಗ್ಗ ಸಿಕ್ಕಿಸಲಿಕ್ಕೆ ಭದ್ರ ಜಾಗ ಸಿಗುತ್ತದೆ. ಬ್ಯಾಡ ಅನ್ನುವವರು, ಬಿರುಕಿನಲ್ಲಿ ಸಿಕ್ಕಿಸಿ ಮರಳಿ ತೆಗೆಯುವ ಸಾಮಾನಿನಿಂದಲೇ ಹತ್ತಬೇಕು, ಬಂಡೆಯನ್ನು ಇದ್ದಂತೆ ಬಿಟ್ಟು ಬರಬೇಕು ಅನ್ನುತ್ತಾರೆ. ಈ ಜಗಳ ನಮ್ಮಲ್ಲಷ್ಟೇ ಇಲ್ಲ. ದಕ್ಷಿಣ ಅಮೆರಿಕದ ಸೆರ್ರೊ ಟೊರ್ರೆ ಶಿಖರಕ್ಕೆ 1970ರಲ್ಲಿ ಇಟಲಿಯ ಚೆಸಾರೆ ಮಾಯೆಸ್ತ್ರಿ ಕಂಪ್ರೆಸರ್ ಯಂತ್ರ ಹೊತ್ತೊಯ್ದು ನೂರಾರು ಬೋಲ್ಟ್ ಬಡಿದ. 2012ರಲ್ಲಿ ಇಬ್ಬರು ಹುಡುಗರು ಅವುಗಳಲ್ಲಿ ನೂರಕ್ಕೂ ಹೆಚ್ಚು ಬೋಲ್ಟ್ ಕಿತ್ತು ಹಾಕಿದರು. ಬೆಟ್ಟ ಶುದ್ಧವಾಯಿತು ಅಂತ ಕೆಲವರು, ನಿಮ್ಮನ್ನು ಕಿತ್ತಿರಿ ಅಂತ ಕೇಳಿದವರು ಯಾರು ಅಂತ ಕೆಲವರು.

ಸಹ್ಯಾದ್ರಿಯಲ್ಲಿ ಈ ಜಗಳಕ್ಕೆ ಬೇರೆಯೇ ಮುಖ ಇದೆ. ನಮ್ಮ ಕರಿಕಲ್ಲು ಪದರ ಪದರ, ಗಟ್ಟಿ ಕಂಡ ಹಿಡಿ ಕೈಗೇ ಕಿತ್ತು ಬರುತ್ತದೆ. ನಾಲ್ಕು ತಿಂಗಳ ಮಳೆಯಲ್ಲಿ ಸಾದಾ ಕಬ್ಬಿಣ ತುಕ್ಕು ಹಿಡಿದು ಒಳಗಿಂದಲೇ ಸಾಯುತ್ತದೆ, ಹೊರಗೆ ತಲೆ ಮಾತ್ರ ಚೆಂದ ಕಾಣುತ್ತದೆ. ಹಳೇ ಬೋಲ್ಟ್ ನಂಬಿದವನ ಗತಿ? ಅದಕ್ಕೆ ಬೋಲ್ಟ್ ಬ್ಯಾಡ ಅನ್ನುವವರ ಮಾತಿಗಿಂತ, ಬಡಿದರೆ ತುಕ್ಕು ಹಿಡಿಯದ್ದನ್ನು ಬಡಿಯಿರಿ, ಹಳೇದನ್ನು ಬದಲಿಸಲಿಕ್ಕೆ ಮತ್ತೆ ಬರ್ರಿ ಅನ್ನುವವರ ಮಾತು ನನಗೆ ಒಪ್ಪಿಗೆ. ಗಡದ ತಟಬಂದಿಗೆ ಮಾತ್ರ ಯಾವ ಬೋಲ್ಟೂ ಬ್ಯಾಡ. 2025ರ ಜುಲೈಯಲ್ಲಿ ಮರಾಠಾ ಕಾಲದ 12 ಗಡಗಳು ಯುನೆಸ್ಕೋ ಪಟ್ಟಿ ಸೇರಿದವು, ನಮ್ಮ ಪನ್ಹಾಳಾ ಕೂಡ. ಎಲ್ಲಿ ಬಂಡೆ ಮುಗಿದು ಎಲ್ಲಿ ಗಡ ಶುರುವಾಗುತ್ತದೆ ಅನ್ನೋ ಪ್ರಶ್ನೆಗೆ ಇನ್ನು ಮುಂದೆ ಕಾಗದದ ಮೇಲೆ ಉತ್ತರ ಬೇಕಾಗುತ್ತದೆ.

ಈ ಪ್ರಶ್ನೆ ಬಾದಾಮಿಯಲ್ಲಿ ಇನ್ನೂ ತೀಕ್ಷ್ಣ. ಅಲ್ಲಿಯ ಕೆಂಪು ಮರಳುಗಲ್ಲು ಹತ್ತುವವರಿಗೆ ದೇಶದಲ್ಲೇ ಹೆಸರುವಾಸಿ. ಶಕ 465ರಲ್ಲಿ, ಅಂದರೆ ಸಾ.ಶ. 543ರಲ್ಲಿ, ಒಂದನೇ ಪುಲಕೇಶಿ ಈ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಗೆಲ್ಲದಂಥ ದುರ್ಗ ಮಾಡಿದೆ ಅಂತ ಅದೇ ಬಂಡೆಯ ಮೇಲೆ ಕೆತ್ತಿಸಿದ. ಈಗ ಅದೇ ಬೆಟ್ಟದ ಬದಿಯ ಬಂಡೆಗಳನ್ನು ರಜೆಗೆ ಬಂದ ಕಾಲೇಜು ಹುಡುಗರು ಏರುತ್ತಾರೆ. ಕಪ್ಪೆ ಅರಭಟ್ಟನ ಶಾಸನವೂ ಅಲ್ಲಿಯ ಬಂಡೆಯ ಮೇಲೆಯೇ ಇದೆ, ಕನ್ನಡ ತ್ರಿಪದಿ ಕಾಣಸಿಗುವ ಮೊದಲ ಜಾಗ. ಕೈಯ ಬೆವರಿಗೆ ಹಚ್ಚುವ ಬಿಳಿ ಪುಡಿಯ ಕಲೆ ಅಂಥ ಕಲ್ಲಿನ ಹತ್ತಿರವೂ ಬರಬಾರದು ಅನ್ನೋದರಲ್ಲಿ ಹತ್ತುವವರಲ್ಲೇ ಎರಡು ಮಾತಿಲ್ಲ. ಇಲ್ಲಿಯ ಹಾದಿಗಳಿಗೆ ಹೆಸರಿಡುತ್ತಾರೆ. ಗಣೇಶ ಅನ್ನೋ ಹಾದಿ ಭಾಳ ಕಠಿಣ, ಫ್ರೆಂಚ್ ಎಣಿಕೆಯಲ್ಲಿ 8ಬಿ ಪ್ಲಸ್. ಅದನ್ನು ಹತ್ತಿದ ಮೊದಲ ಭಾರತೀಯ ಪುಣೆಯ ತುಹಿನ ಸಾತಾರಕರ. ಈ ಹೆಸರು ಪುಸ್ತಕದಲ್ಲಿದೆ, ಪತ್ರಿಕೆಯಲ್ಲಿದೆ. ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗ ಇಲ್ಲದೆ ಹತ್ತಿ ತೋರಿಸುವ ಜ್ಯೋತಿರಾಜ್, ಅಂದರೆ ಕೋತಿರಾಜ್ ಹೆಸರು ಮನೆ ಮನೆಗೆ ಗೊತ್ತು. ಹಗ್ಗ ಇಲ್ಲದೆ ಹತ್ತೋದನ್ನು ಹುಡುಗರಿಗೆ ತೋರಿಸಬೇಕೋ ಬ್ಯಾಡೋ ಅನ್ನೋದು ಇನ್ನೊಂದು ಜಗಳ. ಏನೇ ಇರಲಿ, ಸಭಾಸದ ಕೋತಿಯ ಹಾಗೆ ಹತ್ತಿದರು ಅಂತ ಬರೆದ ಇಬ್ಬರಿಗೆ ಸಿಗದ ಹೆಸರು ಇವನಿಗೆ ಸಿಕ್ಕಿತು, ನನಗೆ ಅದರದೇ ಸಮಾಧಾನ.

ಯಾರು ಮೊದಲು ಅನ್ನೋ ಲೆಕ್ಕವನ್ನು ಈ ಮಂದಿ ಭಾಳ ಕಟ್ಟುನಿಟ್ಟಾಗಿ ಇಡುತ್ತಾರೆ. ಎವರೆಸ್ಟಿನ ಮೇಲೆ ಮೊದಲು ಕಾಲಿಟ್ಟವರು ಯಾರು ಅಂತ ಜಗತ್ತು ಪೀಡಿಸಿದಾಗ ತೇನಸಿಂಗ್ 1955ರ ಆತ್ಮಕಥೆಯಲ್ಲಿ, ಹಿಲರಿ ಒಂದು ಹೆಜ್ಜೆ ಮುಂದಿದ್ದ ಅಂತ ಹೇಳಿಬಿಟ್ಟ. ಆದರೆ ನಮ್ಮ ಘಟ್ಟದಲ್ಲಿ ಮೊದಲ ಏರಿಕೆ ಅಂತ ಬರೆದುಕೊಂಡ ಎಷ್ಟೋ ಕಡೆ, ಬಂಡೆಯ ಬುಡದ ತನಕ ದಾರಿ ತೋರಿಸಿದವನು ಧನಗರವಾಡದ ಗೌಳಿ ಇರುತ್ತಾನೆ. ಕಳೆದುಹೋದ ಆಡಿನ ಹಿಂದೆ, ಜೇನಿನ ಹಿಂದೆ ಅರ್ಧ ಬಂಡೆ ಅವನು ಆಗಲೇ ಹತ್ತಿರುತ್ತಾನೆ. ಇದನ್ನು ನಾನು ಆ ಹುಡುಗರಿಗೆ ಹೇಳಿದಾಗ ಒಬ್ಬ ಕೇಳಿದ, "ಅರ್ಧ ಹತ್ತಿದ್ದು ಹೆಂಗ್ ಹಿಡಿಯೋದರಿ ಲೆಕ್ಕಕ್ಕ?" ನಾನಂದೆ, ಅರ್ಧ ಅಂತಲೇ ಬರೀರಿ, ಹೆಸರು ಮಾತ್ರ ಬರೀರಿ. ಅವರಲ್ಲಿ ಇಬ್ಬರು ಒಪ್ಪಿದರು, ಒಬ್ಬ ಒಪ್ಪಲಿಲ್ಲ.

ವಾಚನಾಲಯದ ಇತಿಹಾಸದ ಕಪಾಟಿನಲ್ಲಿ, ಬಖರುಗಳ ಪಕ್ಕಕ್ಕೆ, ಅದಕ್ಕಾಗಿ ಒಂದು ಕೋರಾ ವಹಿ ಇಟ್ಟಿದ್ದೇನೆ. ಯಾವ ಬಂಡೆ, ಯಾವ ವಾಡಿಯ ಹತ್ತಿರ, ದಾರಿ ತೋರಿಸಿದವರು ಯಾರು, ಅವರ ಅಪ್ಪ, ಅಜ್ಜ ಎಲ್ಲಿತನಕ ಹತ್ತಿದ್ದರು, ಇಷ್ಟೇ ಕಾಲಮ್ಮು. ಕನ್ನಡದಲ್ಲಿ ಬರೆದರೂ ನಡೀತದ, ಮರಾಠಿಯಲ್ಲಿ ಬರೆದರೂ ನಡೀತದ. ಈವರೆಗೆ ಹನ್ನೊಂದು ಹೆಸರು ಬಂದಾವ, ಅದರಾಗ ಮೂರು ಹೆಣ್ಣುಮಕ್ಕಳದು.