ಬಾಡಿಗೆ ಮನೆಗೆ ಜಾತಿ ಯಾಕೆ?



ಪಳನಿಯಲ್ಲಾಗಲಿ ದಿಂಡಿಗಲ್ಲಿನಲ್ಲಾಗಲಿ ಬಾಡಿಗೆ ಮನೆ ಕೇಳೋಕೆ ಹೋದ ನಮ್ಮವರಿಗೆ "ನೀವು ಯಾವ ಜನ?" ಅನ್ನೋ ಮಾತು ಹೊಸದಲ್ಲ. 1917ರಲ್ಲಿ ಬರೋಡಾದ ನೌಕರಿಗೆ ಸೇರಿದ ಬಾಬಾಸಾಹೇಬರನ್ನೂ ಜಾತಿ ತಿಳಿದ ಮೇಲೆ ಪಾರ್ಸಿ ವಸತಿಗೃಹದಿಂದ ಹೊರಗೆ ಹಾಕಿದರು.

ಊರಿಗೂ ಕೇರಿಗೂ ನಡುವಿನ ಗೋಡೆ ತಾನಾಗಿ ಬೀಳೋದಿಲ್ಲ. ಪಕ್ಕದ ಮದುರೈ ಜಿಲ್ಲೆಯ ಉತ್ತಪುರಂನಲ್ಲಿ ದಲಿತರ ದಾರಿಗೆ ಅಡ್ಡ ನಿಂತಿದ್ದ ಗೋಡೆಯ ಒಂದು ಭಾಗ ಬಿದ್ದದ್ದು 2008ರ ಮೇ 6ರಂದು, ಅದೂ ಹೋರಾಟದ ನಂತರ.

ತೆಂಕಣ ಜಿಲ್ಲೆಗಳ ಜಾತಿ ಗಲಭೆಗಳ ಬಳಿಕ ಕರುಣಾನಿಧಿ ಸರ್ಕಾರ 'ಪೆರಿಯಾರ್ ಸಮತುವಪುರಂ' ಕಟ್ಟಿಸಿತು. ಮೊದಲನೆಯದು 1998ರಲ್ಲಿ, ಮದುರೈ ಜಿಲ್ಲೆಯ ಮೇಲಕೋಟ್ಟೈಯಲ್ಲಿ. ನೂರು ಮನೆಯಲ್ಲಿ 40 ದಲಿತರಿಗೆ, 25 ಹಿಂದುಳಿದವರಿಗೆ, 25 ಅತಿ ಹಿಂದುಳಿದವರಿಗೆ, 10 ಉಳಿದವರಿಗೆ. ಎಲ್ಲರಿಗೂ ಒಂದೇ ಸ್ಮಶಾನ.

ಅಲ್ಲಿ ಬೀಗದ ಕೈ ಸರ್ಕಾರದ್ದು. ಬಾಡಿಗೆ ಮನೆಯಲ್ಲಿ ಅದು ಮಾಲೀಕರದ್ದು. ಅಲ್ಲೂ ಕಾನೂನಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟೋಕೆ, ಕೊಳ್ಳೋಕೆ, ವಾಸ ಮಾಡೋಕೆ ಅಡ್ಡಿ ಮಾಡೋದು ಅಪರಾಧ. ಒಂದರಿಂದ ಆರು ತಿಂಗಳು ಜೈಲು.

ಆದರೆ ಮಾಲೀಕರು "ಬೇರೆಯವರಿಗೆ ಕೊಟ್ಟಾಯ್ತು" ಅಂದುಬಿಟ್ಟರೆ ಸಾಕ್ಷಿ ಎಲ್ಲಿ? ಅದಕ್ಕೇ ಒಬ್ಬರೇ ಹೋಗಬೇಡಿ. ದಿನ, ಹೊತ್ತು, ಆಡಿದ ಮಾತು ಬರೆದಿಡಿ. ಫೋನಿಗೆ ಬಂದ ಸಂದೇಶ ಅಳಿಸಬೇಡಿ. ಠಾಣೆಗೆ ಹೋಗೋವಾಗ ಸಂಘದವರನ್ನ ಕರೀರಿ. ಕಾಯ್ದೆ ಪುಸ್ತಕದಲ್ಲೇ ಮಲಗಿದ್ದರೆ ಯಾರಿಗೂ ಮನೆ ಸಿಗಲ್ಲ.

ಜೈ ಭೀಮ್.